ಗ್ರೆಟ್ಸ್ಕಿಯನ್ನು ಮಾರಿದ ಊರು

ಮನೆಯ ಹಸುವನ್ನು ಮಾರಿ ಬಂದ ಯಜಮಾನನಿಗೆ ಆ ಸಂಜೆ ಮನೆಮಂದಿಯ ಮುಖ ನೋಡುವುದು ಕಷ್ಟ. ಬೆಲೆ ಒಳ್ಳೆಯದೇ ಬಂದಿರಬಹುದು, ಸಾಲ ತೀರಿರಬಹುದು, ಬರುವ ಬೇಸಗೆಗೆ ಮೇವು ಸಾಲದೆಂಬ ಅವನ ಲೆಕ್ಕಾಚಾರವೂ ಸರಿಯಾಗಿರಬಹುದು. ಆದರೆ ಕೊಟ್ಟಿಗೆಯ ಬರಿಯ ಗೂಟವನ್ನು ಕಂಡ ಅಜ್ಜಿಗೆ ಈ ಲೆಕ್ಕವೊಂದೂ ಬೇಡ. ಅವಳ ಪಾಲಿಗೆ ಆತ ಮಾರಬಾರದುದನ್ನು ಮಾರಿದವನು. 1988ನೆಯ ಇಸವಿಯ ಆಗಸ್ಟ್ 9ರಂದು ಕೆನಡಾ ದೇಶದ ಎಡ್ಮಂಟನ್ ನಗರಕ್ಕೆ ಒದಗಿದುದು ಇಂಥದೇ ಒಂದು ಸಂಜೆ.

ಹಾಕಿಯೆಂದೊಡನೆ ಕನ್ನಡಿಗರ ಕಣ್ಣಮುಂದೆ ನಿಲ್ಲುವುದು ಕೊಡಗಿನ ಹಸುರು ಮೈದಾನ. ಕೆನಡಾದವರಿಗೆ ಹಾಕಿಯೆಂದರೆ ಮಂಜುಗಡ್ಡೆಯ ಅಂಗಳ. ಕಾಲಿಗೆ ಉಕ್ಕಿನ ಅಲಗಿನ ಬೂಟು, ಕೈಯಲ್ಲಿ ಉದ್ದನೆಯ ಕೋಲು, ಚೆಂಡಿನ ಬದಲು ಗಟ್ಟಿ ರಬ್ಬರಿನ ಒಂದು ಬಿಲ್ಲೆ. ಒಂದೊಂದು ಕಡೆಗೆ ಆರಾರು ಮಂದಿ. ವರ್ಷದ ಅರ್ಧಭಾಗ ಹಿಮದಲ್ಲಿ ಮುಳುಗಿರುವ ಆ ನಾಡಿನಲ್ಲಿ ನಡೆಯಲು ಕಲಿತ ಮಗು ಮುಂದೆ ಕಲಿಯುವುದು ಜಾರಲು. ಇಂಥ ಆಟಕ್ಕೆ ನ್ಯಾಷನಲ್ ಹಾಕಿ ಲೀಗ್ ಎಂಬ ದೊಡ್ಡ ಸಂಸ್ಥೆಯೊಂದುಂಟು. ಹೆಸರಿಗೆ ರಾಷ್ಟ್ರೀಯವಾದರೂ ಅದರ ತಂಡಗಳು ಕೆನಡಾ, ಅಮೆರಿಕಾ ಎರಡು ರಾಷ್ಟ್ರಗಳಲ್ಲೂ ಹರಡಿವೆ. ಪ್ರತಿ ತಂಡಕ್ಕೂ ಒಬ್ಬ ಒಡೆಯ. ಒಡೆಯನ ಕೆಳಗೆ ಒಬ್ಬ ಜನರಲ್ ಮ್ಯಾನೇಜರ್. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು, ನಮ್ಮವನೊಬ್ಬನನ್ನು ಕೊಟ್ಟು ಅವರವನೊಬ್ಬನನ್ನು ತರಬೇಕೇ ಎಂಬುದನ್ನೆಲ್ಲ ತೀರ್ಮಾನಿಸುವವನು ಇವನು. ಒಪ್ಪಂದದಲ್ಲಿ ವಿಶೇಷ ರಕ್ಷಣೆಯಿಲ್ಲದ ಆಟಗಾರನ ಅನುಮತಿಯನ್ನು ಯಾರೂ ಕೇಳುವುದಿಲ್ಲ. ಬೆಳಗ್ಗೆ ಒಂದು ಊರಿನ ಅಂಗಿ ತೊಟ್ಟವನು ರಾತ್ರಿಯ ವೇಳೆಗೆ ಬೇರೊಂದು ಊರಿನವನಾಗಿರಬಹುದು.

ಇದಕ್ಕಿಂತಲೂ ಸೋಜಿಗದ ಸರಕು ಇನ್ನೊಂದಿದೆ. ಪ್ರತಿವರ್ಷವೂ ಹದಿನೆಂಟರ ಆಸುಪಾಸಿನ ಹೊಸ ಹುಡುಗರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಹಿಂದುಳಿದ ತಂಡಕ್ಕೆ ಮುಂದಿನ ಸರದಿ. ಈ ಸರದಿಯನ್ನೇ ಮಾರಬಹುದು, ಕೊಳ್ಳಬಹುದು. ಐದು ವರ್ಷಗಳ ಅನಂತರ ಆರಿಸಬೇಕಾದ, ಇನ್ನೂ ಮೀಸೆಯೇ ಮೂಡದ, ಹೆಸರೇ ಗೊತ್ತಿಲ್ಲದ ಒಬ್ಬ ಬಾಲಕನನ್ನು ಇಂದಿನ ಲೆಕ್ಕದಲ್ಲಿ ಬರೆದುಕೊಳ್ಳುವ ವ್ಯಾಪಾರ ಇದು. ಅಭಿಮಾನಿಗಳ ಚರ್ಚೆಗೆ ಕೊನೆಯೆಂಬುದು ಇಲ್ಲದಿರುವುದಕ್ಕೆ ಮುಖ್ಯ ಕಾರಣವೂ ಇದೇ.

ವೇಯ್ನ್ ಗ್ರೆಟ್ಸ್ಕಿ 1961ರಲ್ಲಿ ಒಂಟಾರಿಯೊ ಪ್ರಾಂತದ ಬ್ರಾಂಟ್‌ಫರ್ಡ್ ಎಂಬಲ್ಲಿ ಹುಟ್ಟಿದವನು. ಎಡ್ಮಂಟನ್ನಿಗೆ ಬಂದುದೂ ಮಾರಾಟದಿಂದಲೇ: 1978ರಲ್ಲಿ ಇಂಡಿಯಾನಾಪೊಲಿಸ್ ತಂಡದಿಂದ ಪೀಟರ್ ಪಾಕ್ಲಿಂಗ್‌ಟನ್ ಎಂಬ ಉದ್ಯಮಿ ಆತನನ್ನು ಕೊಂಡು ತಂದ. ಹದಿನೆಂಟು ತುಂಬಿದ ಹುಟ್ಟುಹಬ್ಬದಂದು, ಆಟದಂಗಳದ ನಟ್ಟನಡುವೆ, 21 ವರ್ಷಗಳ ಒಪ್ಪಂದಕ್ಕೆ ಹುಡುಗ ಸಹಿ ಹಾಕಿದ. ಈ ಮಾರಾಟವನ್ನು ಎಡ್ಮಂಟನ್ನಿನ ಯಾವ ಅಭಿಮಾನಿಯೂ ಎಂದೂ ಅಧರ್ಮವೆಂದು ಕರೆದುದಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಆಮೇಲಿನದು ಪುರಾಣದಂಥ ಕಥೆ. 1981–82ರ ಋತುವಿನಲ್ಲಿ ಆತ 92 ಗೋಲು ಹೊಡೆದ. 1985–86ರಲ್ಲಿ ಗೋಲು, ನೆರವು ಎರಡೂ ಸೇರಿ 215 ಅಂಕ ಗಳಿಸಿದ. ಎಣ್ಣೆಯ ಬಾವಿಗಳ ನಾಡಾದುದರಿಂದ ಆಯಿಲರ್ಸ್ ಎಂದು ಹೆಸರಾದ ಆ ತಂಡ 1984, 1985, 1987, 1988 ಹೀಗೆ ನಾಲ್ಕು ಸಲ ಸ್ಟ್ಯಾನ್ಲಿ ಕಪ್ ಗೆದ್ದಿತು. ಸುಮಾರು ಆರು ಲಕ್ಷ ಜನರ, ಉತ್ತರದ ಚಳಿಯಲ್ಲಿ ಮುದುಡಿಕೊಂಡಿದ್ದ ಒಂದು ಊರು ತನ್ನನ್ನು ತಾನು ‘ವಿಜೇತರ ನಗರ’ವೆಂದು ಕರೆದುಕೊಂಡಿತು. 1988ರ ಜುಲೈ 16ರಂದು ಅಮೆರಿಕದ ನಟಿ ಜಾನೆಟ್ ಜೋನ್ಸ್‌ಳೊಡನೆ ಗ್ರೆಟ್ಸ್ಕಿಯ ವಿವಾಹ ಅದೇ ಊರಿನಲ್ಲಿ ನಡೆದಾಗ ಬೀದಿಬೀದಿಗಳಲ್ಲಿ ಜನ. ಮನೆಮಗನ ಮದುವೆಗೆ ನೆರೆದ ಬಳಗ ಅದು.

ನಾಲ್ಕು ವಾರ ಕಳೆಯುವ ಮೊದಲೇ ಮಗನ ಮಾರಾಟವಾಯಿತು.

ಲಾಸ್ ಏಂಜಲಿಸ್ ಕಿಂಗ್ಸ್ ತಂಡದ ಒಡೆಯ ಬ್ರೂಸ್ ಮ್ಯಾಕ್‌ನಾಲ್. ಗ್ರೆಟ್ಸ್ಕಿಯೊಡನೆ ಮಾರ್ಟಿ ಮ್ಯಾಕ್‌ಸಾರ್ಲಿ, ಮೈಕ್ ಕ್ರುಶೆಲ್‌ನಿಸ್ಕಿ ಎಂಬಿಬ್ಬರು ಆ ಕಡೆಗೆ ಹೋದರು. ಈ ಕಡೆಗೆ ಬಂದವರು ಹಿಂದಿನ ಋತುವಿನಲ್ಲಿ 55 ಗೋಲು ಹೊಡೆದಿದ್ದ ಹರೆಯದ ಜಿಮ್ಮಿ ಕಾರ್ಸನ್, ಇನ್ನೂ ಪಳಗದ ಮಾರ್ಟಿನ್ ಜೆಲಿನಾ. ಜತೆಗೆ 1989, 1991, 1993ರ ಮೊದಲ ಸುತ್ತಿನ ಮೂರು ಆಯ್ಕೆಯ ಹಕ್ಕುಗಳು ಹಾಗೂ ಒಂದೂವರೆ ಕೋಟಿ ಅಮೆರಿಕನ್ ಡಾಲರ್ ನಗದು. ಪತ್ರಕರ್ತರ ಮುಂದೆ ಕುಳಿತ ಗ್ರೆಟ್ಸ್ಕಿ ಮಾತು ಮುಗಿಸಲಾರದೆ ಕಣ್ಣೊರೆಸಿಕೊಂಡ. ಆ ದೃಶ್ಯವನ್ನು ಇಡೀ ಕೆನಡಾ ದೂರದರ್ಶನದಲ್ಲಿ ಕಂಡಿತು. ಈ ವಿನಿಮಯವನ್ನು ಸರ್ಕಾರ ತಡೆಯಬೇಕೆಂದು ಪಾರ್ಲಿಮೆಂಟಿನ ಸದಸ್ಯ ನೆಲ್ಸನ್ ರೀಸ್ ಒತ್ತಾಯಿಸಿದ. ಎಡ್ಮಂಟನ್ನಿನಲ್ಲಿ ಪಾಕ್ಲಿಂಗ್‌ಟನ್ನನ ಪ್ರತಿಕೃತಿಯನ್ನು ಸುಟ್ಟರು.

ಸಿಟ್ಟಿಗೆ ಮೊದಲು ಗುರಿಯಾದವಳು ಹೊಸ ಮದುಮಗಳು. ನಟಿಯಾದವಳಿಗೆ ಹಾಲಿವುಡ್ಡಿನ ಮೋಹವಿಲ್ಲದೆ ಇದ್ದೀತೆ, ಗಂಡನನ್ನು ಎಳೆದುಕೊಂಡು ಹೋದಳು ಎಂದರು. ಸೊಸೆ ಬಂದು ಮಗ ಬೇರೆಯಾದ ಎನ್ನುವ ಮಾತಿಗೆ ಯಾವ ದೇಶವಾದರೇನು! ಈ ಆರೋಪಕ್ಕೆ ಆಧಾರ ಬಹಳ ತೆಳುವಾದುದು. ಮದುವೆಗೆ ಮೊದಲೇ, ಕಪ್ ಗೆದ್ದ ರಾತ್ರಿಯೇ, ತನ್ನನ್ನು ಮಾರುವ ಮಾತುಕತೆ ನಡೆದಿದೆಯೆಂದು ತಂದೆಯಿಂದ ತಿಳಿಯಿತೆಂಬುದು ಗ್ರೆಟ್ಸ್ಕಿಯೇ ಹೇಳಿದ ಸಂಗತಿ. ಮೂಲ ಒಪ್ಪಂದ ಬದಲಾಗಿ, ಕೆಲವು ವರ್ಷಗಳಲ್ಲಿ ಆತ ಸ್ವತಂತ್ರನಾಗಿ, ಬಿಡಿಕಾಸೂ ಕೊಡದೆ ಹೊರಟುಹೋಗುವ ಸಂಭವವಿತ್ತು. ಒಡೆಯನ ಇತರ ಉದ್ಯಮಗಳಿಗೆ ಹಣದ ಹಸಿವಿತ್ತು. ಅಲ್ಲದೆ ಊರಿಗೂ ಪಾಕ್ಲಿಂಗ್‌ಟನ್ನನಿಗೂ ಹಳೆಯ ಹಗೆಯೊಂದಿತ್ತು: ಆತನ ಗೇನರ್ಸ್ ಎಂಬ ಮಾಂಸದ ಕಾರ್ಖಾನೆಯಲ್ಲಿ 1986ರಲ್ಲಿ ತಿಂಗಳುಗಟ್ಟಲೆ ಕಹಿಯಾದ ಮುಷ್ಕರ ನಡೆದಿತ್ತು. ಪ್ರತಿಕೃತಿಗೆ ಹಚ್ಚಿದ ಬೆಂಕಿಯಲ್ಲಿ ಹಾಕಿಯ ಕಿಡಿಯೊಂದೇ ಇದ್ದಿರಲಾರದು.

ಹಾಗಾದರೆ ಜನರಲ್ ಮ್ಯಾನೇಜರ್ ಎಲ್ಲಿದ್ದ? ಆತನೇ ಗ್ಲೆನ್ ಸೇದರ್. ತಂಡವನ್ನು ಕಟ್ಟಿದವನು, ಆಗ ತರಬೇತುದಾರನೂ ಅವನೇ. ಈ ವ್ಯಾಪಾರ ಅವನಿಗೆ ಬೇಡವಾಗಿತ್ತು. ಪತ್ರಿಕಾಗೋಷ್ಠಿಯ ದಿನದಂದೂ ಗ್ರೆಟ್ಸ್ಕಿಯನ್ನು ಬದಿಗೆ ಕರೆದು ‘ನೀನು ಒಲ್ಲೆಯೆಂದರೆ ಇದನ್ನು ನಿಲ್ಲಿಸಲು ಯತ್ನಿಸುತ್ತೇನೆ’ ಎಂಬರ್ಥದಲ್ಲಿ ಮಾತನಾಡಿದನೆಂದು ವರದಿಗಳಿವೆ. ಆದರೆ ಅಭಿಮಾನಿಗಳ ನ್ಯಾಯಾಲಯದಲ್ಲಿ ಇಂಥ ಸಾಕ್ಷ್ಯಕ್ಕೆ ಬೆಲೆ ಕಡಮೆ. ಒಡೆಯ ಮಾಡಿದ ನಿರ್ಧಾರವಾದರೂ ಅದರ ಫಲವನ್ನು ಉಣ್ಣುವವನೂ ಉಣಿಸುವವನೂ ಮ್ಯಾನೇಜರನೇ.

ಆ ನ್ಯಾಯಾಲಯ ಸೇರುವುದು ಕಾಫಿ ಅಂಗಡಿಗಳಲ್ಲಿ, ಆಟದಂಗಳದ ಮೆಟ್ಟಿಲುಗಳಲ್ಲಿ, ರೇಡಿಯೋದವರು ಕೇಳುಗರ ಟೆಲಿಫೋನ್ ಕರೆಗಳಿಗೆ ಕಿವಿಗೊಡುವ ಹೊತ್ತಿನಲ್ಲಿ. ಕೆನಡಾದ ಮೂಲೆಮೂಲೆಯಲ್ಲೂ ಇರುವ ಟಿಮ್ ಹಾರ್ಟನ್ಸ್ ಕಾಫಿ ಅಂಗಡಿಯನ್ನು 1964ರಲ್ಲಿ ತೆರೆದ ಟಿಮ್ ಹಾರ್ಟನ್ ಸ್ವತಃ ಹಾಕಿ ಆಟಗಾರ. ಆದುದರಿಂದ ಅಲ್ಲಿ ಹಾಕಿಯ ಜಗಳಕ್ಕೆ ಒಂದು ಬಗೆಯ ಪರಂಪರೆಯ ಹಕ್ಕೇ ಇದೆಯೆನ್ನಬೇಕು. ಅಂಥ ಒಂದು ಮೇಜಿನ ಬಳಿ ಕುಳಿತ ಇಬ್ಬರು ವೃದ್ಧ ಮಿತ್ರರ ವಾದ ಹೀಗೆ ಸಾಗೀತು:

“ಗ್ರೆಟ್ಸ್ಕಿ ಹೋಗಿ ಎರಡೇ ವರ್ಷಕ್ಕೆ, 1990ರಲ್ಲಿ, ಕಪ್ ಗೆಲ್ಲಲಿಲ್ಲವೇನಯ್ಯ? ಅವನು ಅಲ್ಲಿ ಒಂದಾದರೂ ಗೆದ್ದನೆ?”

“ಗೆದ್ದಿರಿ, ಸರಿ. ಅವನಿದ್ದಿದ್ದರೆ 1989ರಲ್ಲೂ ಗೆಲ್ಲುತ್ತಿದ್ದಿರಿ, ತೊಂಬತ್ತೊಂದರಲ್ಲೂ ಗೆಲ್ಲುತ್ತಿದ್ದಿರಿ. ಇದ್ದ ಒಂದನ್ನು ಎಣಿಸುತ್ತೀಯೆ. ಕಳೆದ ನಾಲ್ಕನ್ನು ಯಾರು ಎಣಿಸಬೇಕು?”

ಇಬ್ಬರ ಮಾತಿನಲ್ಲೂ ಹುರುಳಿದೆ. 1987–88ರಲ್ಲಿ 68 ಅಂಕ ಗಳಿಸಿದ್ದ ಲಾಸ್ ಏಂಜಲಿಸ್ ತಂಡ ಗ್ರೆಟ್ಸ್ಕಿ ಬಂದ ವರ್ಷ 91ಕ್ಕೇರಿತು. ಆತನಿಗೆ ಒಂಬತ್ತನೆಯ ಸಲ ಹಾರ್ಟ್ ಪಾರಿತೋಷಕ ದೊರೆಯಿತು. 1989ರ ವಸಂತದಲ್ಲಿ ಮೊದಲ ಸುತ್ತಿನಲ್ಲೇ ಎಡ್ಮಂಟನ್ ಎದುರಾಯಿತು. ಆಯಿಲರ್ಸ್ ಮೂರು ಪಂದ್ಯ ಗೆದ್ದು ಒಂದನ್ನು ಸೋತು ಮುಂದಿದ್ದರು; ಆಮೇಲಿನ ಮೂರನ್ನೂ ಗೆದ್ದು ಕಿಂಗ್ಸ್ ಅವರನ್ನು ಮನೆಗೆ ಕಳುಹಿಸಿತು. ಆ ವಾರ ಎಡ್ಮಂಟನ್ನಿನಲ್ಲಿ ಮತದಾನ ನಡೆದಿದ್ದರೆ ಸೇದರನಿಗೆ ಬೀಳುತ್ತಿದ್ದ ಮತಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಜಿಮ್ಮಿ ಕಾರ್ಸನ್ ಎಡ್ಮಂಟನ್ನಿನಲ್ಲಿ ಮೊದಲ ವರ್ಷ 49 ಗೋಲು, 100 ಅಂಕ ಗಳಿಸಿದ. ಬೇರೆಲ್ಲಾದರೂ ಇದಕ್ಕೆ ಹೂಮಾಲೆ ಬೀಳುತ್ತಿತ್ತು. ಗ್ರೆಟ್ಸ್ಕಿಯ ಜಾಗಕ್ಕೆ ಬಂದವನಿಗೆ ನೂರು ಅಂಕವೆಂದರೆ ಅರ್ಧ ಅಂಕ! ಆ ಹುಡುಗನಿಗೆ ಅಲ್ಲಿ ಉಸಿರು ಕಟ್ಟಿತು; 1989ರ ಶರತ್ಕಾಲದಲ್ಲಿ ತಂಡವನ್ನು ಬಿಟ್ಟು ಹೊರನಡೆದ. ಇಡೀ ವ್ಯವಹಾರದಲ್ಲಿ ಮರುಕಕ್ಕೆ ನಿಜವಾಗಿ ಅರ್ಹನಾದವನು ಇವನೊಬ್ಬನೇ ಎನ್ನಬೇಕು: ತಾನು ಕೇಳದ ಹೊರೆಯನ್ನು ಹೊತ್ತು, ತಾನು ಮಾಡದ ಅಪರಾಧಕ್ಕೆ ಉತ್ತರ ಹೇಳಬೇಕಾಯಿತು. ನವೆಂಬರ್ ತಿಂಗಳಲ್ಲಿ ಸೇದರ್ ಅವನನ್ನು ಡೆಟ್ರಾಯಿಟ್‌ಗೆ ಕೊಟ್ಟು ಆಡಮ್ ಗ್ರೇವ್ಸ್, ಜೋ ಮರ್ಫಿ, ಪೀಟರ್ ಕ್ಲೀಮಾ ಮೊದಲಾದವರನ್ನು ತಂದ. ಗ್ರೇವ್ಸ್, ಮರ್ಫಿ, ಜೆಲಿನಾ ಈ ಮೂವರು ಕಿರಿಯರ ಸಾಲು 1990ರ ಕಪ್ಪಿನ ಓಟದಲ್ಲಿ ತಂಡದ ಜೀವಾಳವಾಯಿತು. ಬಾಸ್ಟನ್ನಿನಲ್ಲಿ ನಡೆದ ಅಂತಿಮ ಸರಣಿಯ ಮೊದಲ ಪಂದ್ಯ ಸಮವಾಗಿ, ಹೆಚ್ಚುವರಿ ಅವಧಿ ಒಂದು ಮುಗಿದು, ಎರಡು ಮುಗಿದು, ಮೂರನೆಯದಕ್ಕೆ ಹೋಯಿತು. ಅದುವರೆಗೆ ಬಹುಪಾಲು ಬೆಂಚಿನ ಮೇಲೇ ಕುಳಿತಿದ್ದ ಕ್ಲೀಮಾ ಅಂಗಳಕ್ಕಿಳಿದು ಗೋಲು ಹೊಡೆದ. ಆಗ ಬಾಸ್ಟನ್ನಿನ ಗೋಲು ಕಾಯುತ್ತಿದ್ದವನು ಆಂಡಿ ಮೂಗ್, ಹಿಂದೆ ಎಡ್ಮಂಟನ್ನಿನವನು. ಎದುರು ತುದಿಯಲ್ಲಿ ನಿಂತಿದ್ದ ಬಿಲ್ ರಾನ್‌ಫರ್ಡ್, 1988ರ ಮಾರ್ಚ್‌ನಲ್ಲಿ ಮೂಗ್‌ನಿಗೆ ಬದಲಾಗಿ ಬಾಸ್ಟನ್ನಿನಿಂದ ಬಂದವನು. ಆ ಸರಣಿಯ ಕೊನೆಗೆ ಶ್ರೇಷ್ಠ ಆಟಗಾರನೆಂಬ ಪಾರಿತೋಷಕ ರಾನ್‌ಫರ್ಡ್‌ನ ಪಾಲಾಯಿತು.

ಈಗ ಸೇದರ್ ಬುದ್ಧಿವಂತನಾದ. ಅದೇ ಮನುಷ್ಯ, ಅದೇ ತಲೆ. ಒಂದು ವರ್ಷದ ಹಿಂದೆ ಮೂರ್ಖ. ಹಾಕಿಯ ಅಭಿಮಾನಿ ತೀರ್ಪು ಕೊಡಲು ಅವಸರಿಸುತ್ತಾನೆಂಬುದು ದೊಡ್ಡ ದೋಷವೇನಲ್ಲ, ಅವಸರಿಸದಿದ್ದರೆ ಆತ ಅಭಿಮಾನಿಯೇ ಅಲ್ಲ. ದೋಷವಿರುವುದು ಮತ್ತೊಂದು ಕಡೆ: ಫಲ ಕಂಡಮೇಲೆ ಬಿತ್ತನೆಯ ದಿನದ ತನ್ನ ಮಾತನ್ನೇ ತಿದ್ದಿಕೊಂಡು, ‘ಆಗಲೇ ಹೇಳಿದ್ದೆ’ ಎನ್ನುತ್ತಾನೆ. ಮ್ಯಾನೇಜರನಿಗೆ ಆ ಸೌಕರ್ಯವಿಲ್ಲ. ಅವನ ನಿರ್ಧಾರಕ್ಕೆ ತಾರೀಖು ಬಿದ್ದಿರುತ್ತದೆ.

ಇನ್ನು ಆ ಮೂರು ಆಯ್ಕೆಯ ಹಕ್ಕುಗಳ ಗತಿಯನ್ನು ಹಿಂಬಾಲಿಸುವುದೆಂದರೆ ಅಭಿಮಾನಿಗಳಿಗೆ ವಂಶವೃಕ್ಷ ಬರೆದಷ್ಟು ಹಿಗ್ಗು. 1989ರದನ್ನು ಎಡ್ಮಂಟನ್ ನ್ಯೂಜರ್ಸಿಗೆ ದಾಟಿಸಿತು. 1993ರಲ್ಲಿ ಆರಿಸಿದ ನಿಕ್ ಸ್ಟಾಜುಹಾರ್ ಈ ದೊಡ್ಡ ಲೀಗಿನಲ್ಲಿ ಆಡಿದುದು ಎರಡೇ ಪಂದ್ಯ. 1991ರಲ್ಲಿ ದೊರೆತ ಮಾರ್ಟಿನ್ ರುಚಿನ್ಸ್ಕಿಯನ್ನು ಮರುವರ್ಷವೇ ಕ್ವಿಬೆಕ್ ತಂಡಕ್ಕೆ ಕೊಡಲಾಯಿತು. ಆ ತಂಡ 1995ರಲ್ಲಿ ಗಂಟುಮೂಟೆ ಕಟ್ಟಿ ಅಮೆರಿಕದ ಡೆನ್ವರಿಗೆ ಹೋಯಿತು. ಆ ವರ್ಷದ ಡಿಸೆಂಬರ್ 2ರಂದು ಮಾಂಟ್ರಿಯಲ್ ತಂಡ ಡೆಟ್ರಾಯಿಟ್ ಎದುರು 11–1ರಿಂದ ಸೋತಿತು. ಒಂಬತ್ತು ಗೋಲು ಬೀಳುವವರೆಗೂ ತನ್ನನ್ನು ಅಂಗಳದಲ್ಲಿ ನಿಲ್ಲಿಸಿದ್ದರೆಂಬ ಅವಮಾನದಿಂದ ಗೋಲುರಕ್ಷಕ ಪ್ಯಾಟ್ರಿಕ್ ರೂವಾ ಇನ್ನು ಇಲ್ಲಿ ಆಡೆನೆಂದು ತಂಡದ ಅಧ್ಯಕ್ಷನಿಗೇ ಹೇಳಿ ನಡೆದ. ಅಧಿಕಾರಕ್ಕೆ ಬಂದು ಕೆಲವೇ ವಾರಗಳಾಗಿದ್ದ ಮ್ಯಾನೇಜರ್ ರೆಜಾನ್ ಊಲ್ ನಾಲ್ಕೇ ದಿನಗಳಲ್ಲಿ ಅವನನ್ನು ಡೆನ್ವರಿಗೆ ಕಳುಹಿಸಿದ. ಬದಲಿಗೆ ಬಂದ ಮೂವರಲ್ಲಿ ಒಬ್ಬ ಇದೇ ರುಚಿನ್ಸ್ಕಿ. ಗ್ರೆಟ್ಸ್ಕಿಯ ಬೆಲೆಯ ಒಂದು ತುಣುಕು ಹೀಗೆ ಕೈಯಿಂದ ಕೈಗೆ ಹೋಗಿ ರೂವಾನ ಬೆಲೆಯ ತುಣುಕಾಯಿತು. ರೂವಾ 1996ರಲ್ಲೇ ಡೆನ್ವರಿಗೆ ಕಪ್ ಗೆದ್ದುಕೊಟ್ಟ. ಮಾಂಟ್ರಿಯಲ್ಲಿನವರು ಊಲ್‌ನನ್ನು ಇನ್ನೂ ಕ್ಷಮಿಸಿಲ್ಲ. ಮುನಿದವನನ್ನು ಮಾರುವಾಗ ಬೆಲೆ ಹೇಳುವವನು ಕೊಳ್ಳುವವನೇ ಎಂಬುದನ್ನು ಅವರು ನೆನೆಯುವುದಿಲ್ಲ.

2005ರಿಂದೀಚೆಗೆ ಲೀಗಿನಲ್ಲಿ ಸಂಬಳಕ್ಕೆ ಮಿತಿ ಬಂದಿದೆ. ಯಾವ ತಂಡವೂ ಗೊತ್ತಾದ ಮೊತ್ತಕ್ಕಿಂತ ಹೆಚ್ಚು ವೇತನ ಕೊಡುವಂತಿಲ್ಲ. ಅಂದಿನಿಂದ ಅಭಿಮಾನಿಯೂ ಅರ್ಧ ಗುಮಾಸ್ತನಾಗಿದ್ದಾನೆ; ಯಾರ ಒಪ್ಪಂದ ಯಾವ ವರ್ಷ ಮುಗಿಯುತ್ತದೆ, ಯಾರ ಸಂಬಳ ಯಾರನ್ನು ಹೊರಗಟ್ಟುತ್ತದೆ ಎಂಬುದೆಲ್ಲ ಅವನ ನಾಲಗೆಯ ತುದಿಯಲ್ಲಿ. ಎಡ್ಮಂಟನ್ನಿನ ಗಾಯ ಮತ್ತೊಮ್ಮೆ ಕೆರಳಿದುದು 2016ರ ಜೂನ್ 29ರಂದು. ಮ್ಯಾನೇಜರ್ ಪೀಟರ್ ಶಿಯರೆಲಿ ಮುಂಚೂಣಿಯ ಟೇಲರ್ ಹಾಲ್‌ನನ್ನು ಕೊಟ್ಟು ರಕ್ಷಣೆಯ ಆಡಮ್ ಲಾರ್ಸನ್ನನನ್ನು ತಂದ. ತಂಡಕ್ಕೆ ರಕ್ಷಕನೊಬ್ಬ ಬೇಕೇ ಇತ್ತು; ಬಂದವನು ಕೆಟ್ಟ ಆಟಗಾರನೂ ಅಲ್ಲ. ಆದರೆ ಹಾಲ್ 2018ರಲ್ಲಿ ನ್ಯೂಜರ್ಸಿಯ ಅಂಗಿಯಲ್ಲಿ ಹಾರ್ಟ್ ಪಾರಿತೋಷಕ ಎತ್ತಿದ. ಶಿಯರೆಲಿ 2019ರ ಜನವರಿಯಲ್ಲಿ ಕೆಲಸ ಕಳೆದುಕೊಂಡ.

ಪಾಕ್ಲಿಂಗ್‌ಟನ್ ಮಾಡಿದ್ದು ಸರಿಯೇ? ಆಟದ ಲೆಕ್ಕದಲ್ಲಿ ನೋಡಿದರೆ 1990ರ ಕಪ್ ಅವನ ಪರ ಸಾಕ್ಷಿ ಹೇಳುತ್ತದೆ. ಆದರೆ ಆ ಒಂದೂವರೆ ಕೋಟಿ ಡಾಲರ್ ಅಂಗಳಕ್ಕಿಳಿದು ಆಡಲಿಲ್ಲ. ಒಮ್ಮೆ ಗ್ರೆಟ್ಸ್ಕಿಯನ್ನೇ ಮಾರಬಹುದಾದರೆ ಮಾರಬಾರದವನೆಂಬವನು ಯಾವನೂ ಇಲ್ಲವೆಂದಾಯಿತು. ಮುಂದೆ ಮೆಸಿಯರ್ ಹೋದ, ಫ್ಯೂರ್ ಹೋದ, ಆಂಡರ್ಸನ್ ಹೋದ. 1993ರಲ್ಲಿ ಆಯಿಲರ್ಸ್ ಮೊದಲ ಬಾರಿಗೆ ಅಂತಿಮ ಘಟ್ಟದ ಪಂದ್ಯಗಳಿಂದಲೇ ಹೊರಗುಳಿಯಿತು. 1994ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ಕಪ್ ಗೆದ್ದಾಗ ಆ ತಂಡದಲ್ಲಿ ಹಳೆಯ ಎಡ್ಮಂಟನ್ನಿಗರು ಏಳು ಮಂದಿ. 1990ರ ಅನಂತರ, 2025ರ ವರೆಗೂ, ಎಡ್ಮಂಟನ್ನಿಗೆ ಮತ್ತೆ ಕಪ್ ಬಂದುದಿಲ್ಲ. 2006, 2024, 2025 ಈ ಮೂರು ಸಲ ಅಂತಿಮ ಸರಣಿಯವರೆಗೆ ಹೋಗಿ ಬರಿಗೈಯಲ್ಲಿ ಮರಳಿತು. ಕಾಫಿ ಅಂಗಡಿಯ ಎರಡನೆಯ ವೃದ್ಧನ ಕಡೆಗೇ ತಕ್ಕಡಿ ಸ್ವಲ್ಪ ವಾಲುತ್ತದೆ.

ಕೊಂಡವನ ಗತಿಯೂ ಸುಖಾಂತವಲ್ಲ. ಗ್ರೆಟ್ಸ್ಕಿ ಇದ್ದಷ್ಟು ಕಾಲ ಕಿಂಗ್ಸ್ ಕಪ್ ಗೆಲ್ಲಲಿಲ್ಲ. 1993ರ ಅಂತಿಮ ಸರಣಿಯಲ್ಲಿ ಮಾಂಟ್ರಿಯಲ್ಲಿಗೆ ಸೋತಿತು. ಮ್ಯಾಕ್‌ನಾಲ್ ವಂಚನೆಯ ಅಪರಾಧವನ್ನು ಒಪ್ಪಿಕೊಂಡು ಸೆರೆಮನೆ ಕಂಡ. ಆದರೆ ಹಿಮವನ್ನೇ ಕಾಣದ ಕ್ಯಾಲಿಫೋರ್ನಿಯಾದಲ್ಲಿ 1991ರಲ್ಲಿ ಸ್ಯಾನ್ ಹೊಸೆ, 1993ರಲ್ಲಿ ಅನಹೈಮ್ ಎಂದು ಮತ್ತೆರಡು ತಂಡಗಳು ಹುಟ್ಟಿಕೊಂಡವು.

1989ರ ಆಗಸ್ಟ್‌ನಲ್ಲಿ, ಮಾರಾಟವಾಗಿ ಒಂದು ವರ್ಷಕ್ಕೆ, ಎಡ್ಮಂಟನ್ನಿನವರು ತಮ್ಮ ಆಟದ ಮಂದಿರದ ಹೊರಗೆ ಗ್ರೆಟ್ಸ್ಕಿಯ ಕಂಚಿನ ಪ್ರತಿಮೆ ನಿಲ್ಲಿಸಿದರು. ಕಪ್ಪನ್ನು ತಲೆಯ ಮೇಲೆತ್ತಿ ಹಿಡಿದ ಭಂಗಿ. ಅಕ್ಟೋಬರ್ 15ರಂದು ಆತ ಅದೇ ಮಂದಿರಕ್ಕೆ ಎದುರಾಳಿಯಾಗಿ ಬಂದ. ಗಾರ್ಡಿ ಹೋವ್‌ನ 1,850 ಅಂಕಗಳ ದಾಖಲೆ ಮುರಿಯಲು ಎರಡು ಅಂಕ ಬೇಕಾಗಿತ್ತು. ಒಂದು ಬೇಗನೆ ಬಂದಿತು. ಆಟ ಮುಗಿಯಲು 53 ಸೆಕೆಂಡುಗಳಿರುವಾಗ ಎಡ್ಮಂಟನ್ 4–3ರಿಂದ ಮುಂದಿತ್ತು. ಆಗ ಗ್ರೆಟ್ಸ್ಕಿ ಗೋಲು ಹೊಡೆದ. ತಮ್ಮ ತಂಡದ ಗೆಲುವು ಕೈತಪ್ಪಿತೆಂಬುದನ್ನು ಮರೆತು ಇಡೀ ಮಂದಿರ ಎದ್ದು ನಿಂತಿತು. ಆಟ ನಿಲ್ಲಿಸಿ, ಹೋವ್‌ನನ್ನು ಅಂಗಳಕ್ಕೆ ಕರೆತಂದು, ಸನ್ಮಾನ ನಡೆಸಿದರು. ಮತ್ತೆ ಆಟ ಮೊದಲಾಯಿತು. ಹೆಚ್ಚುವರಿ ಅವಧಿಯಲ್ಲಿ ಅದೇ ಗ್ರೆಟ್ಸ್ಕಿ ಇನ್ನೊಂದು ಗೋಲು ಹೊಡೆದು ಆಯಿಲರ್ಸ್ ತಂಡವನ್ನು 5–4ರಿಂದ ಸೋಲಿಸಿದ.