ಎಡಗೈಗೆ ಬಿಡುವು ಕೊಟ್ಟರೆ ತಪ್ಪೇನು?

ಟೂರಿಂಗ್ ಬೈಕಿಗೆ ಕ್ಲಚ್ ಹಿಡಿಯದೆ ಗೇರ್ ಹಾಕಲು ಬಿಡುವ ಕ್ವಿಕ್‌ಶಿಫ್ಟರ್ ಹಾಕಿಸಿದ್ದೇನೆ ಎಂದು ಗೊತ್ತಾದ ಮೇಲೆ ಹಾಸನ, ಹೊಳೆನರಸೀಪುರದ ಬೈಕ್ ಗೆಳೆಯರು ನನ್ನನ್ನು ಸುಮ್ಮನೆ ಬಿಟ್ಟಿಲ್ಲ. ಗೇರ್‌ಬಾಕ್ಸ್ ಪುಡಿಯಾಗುತ್ತದೆ, ಅದು ರೇಸಿನವರ ಸಾಮಾನು, ಘಾಟಿಯಲ್ಲಿ ಬೀಳಿಸುತ್ತದೆ, ಮಳೆಗಾಲದಲ್ಲಿ ಕೈಕೊಡುತ್ತದೆ ಎಂದು ಸಾಲುಸಾಲಾಗಿ ಆಕ್ಷೇಪ. ಮೊಸಳೆಯ ಜೋಡಿ ದೇಗುಲ ನೋಡಲು ಬಂದ ಬೆಂಗಳೂರಿನ ಬೈಕಿನವರೂ ಇದೇ ಮಾತು ಹೇಳಿ ಹೋದರು. ಇವರೆಲ್ಲ ಅನುಭವಸ್ಥರು, ಉಡಾಫೆಯಿಂದ ಮಾತಾಡುವವರಲ್ಲ. ಆದ್ದರಿಂದ ಒಂದೊಂದಕ್ಕೂ ಉತ್ತರ ಕೊಡುತ್ತೇನೆ.

ಗೇರ್‌ಬಾಕ್ಸ್ ಹಾಳಾಗುತ್ತದೆ ಎಂಬ ಆಕ್ಷೇಪವೇ ಎಲ್ಲಕ್ಕಿಂತ ದೊಡ್ಡದು. ನಮ್ಮ ಬೈಕುಗಳ ಗೇರ್‌ಬಾಕ್ಸಿನಲ್ಲಿ ಚಕ್ರಗಳ ಹಲ್ಲುಗಳು ಯಾವಾಗಲೂ ಒಂದಕ್ಕೊಂದು ಕೂಡಿಕೊಂಡೇ ತಿರುಗುತ್ತಿರುತ್ತವೆ. ಗೇರ್ ಬದಲಿಸಿದಾಗ ಬಿಟ್ಟು ಕೂಡುವುದು ಅವುಗಳ ಪಕ್ಕದಲ್ಲಿರುವ ಮೊಂಡು ಹಲ್ಲುಗಳು. ಮೆಕ್ಯಾನಿಕ್‌ಗಳು ಡಾಗ್ ಎನ್ನುವುದು ಇವಕ್ಕೆ. ಎಂಜಿನ್ ಎಳೆಯುತ್ತಿರುವಾಗ ಈ ಡಾಗ್‌ಗಳು ಒಂದನ್ನೊಂದು ಒತ್ತಿ ಹಿಡಿದಿರುತ್ತವೆ, ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ. ಕ್ಲಚ್ ಹಿಡಿದರೆ ಆ ಒತ್ತಡ ಇಳಿಯುತ್ತದೆ, ಡಾಗ್ ಜಾರಿ ಮುಂದಿನ ಗೇರಿಗೆ ಸೇರುತ್ತದೆ. ಅಂದರೆ ಗೇರ್ ಬೀಳಲು ಬೇಕಾದದ್ದು ಒತ್ತಡ ಇಳಿಯುವುದು. ಅದನ್ನು ಇಳಿಸುವುದಕ್ಕೆ ಕ್ಲಚ್ ಒಂದು ದಾರಿ ಅಷ್ಟೆ.

ಕ್ವಿಕ್‌ಶಿಫ್ಟರ್ ಹಿಡಿಯುವುದು ಇನ್ನೊಂದು ದಾರಿ. ಗೇರ್ ಲಿವರ್‌ನಿಂದ ಗೇರ್‌ಬಾಕ್ಸಿಗೆ ಹೋಗುವ ಕಡ್ಡಿಯಲ್ಲಿ ಬೆರಳುದ್ದದ ಒಂದು ಸೆನ್ಸರ್ ಕೂರುತ್ತದೆ. ಕಾಲಿನ ಒತ್ತಡ ತಗುಲಿದ ತಕ್ಷಣ ಅದು ನಿಯಂತ್ರಣ ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತದೆ, ಸ್ಪಾರ್ಕ್ ಅಥವಾ ಪೆಟ್ರೋಲು ಸುಮಾರು 50ರಿಂದ 80 ಮಿಲಿಸೆಕೆಂಡ್ ನಿಲ್ಲುತ್ತದೆ. ಅಷ್ಟರಲ್ಲಿ ಎಂಜಿನ್ನಿನ ಎಳೆತ ಸಡಿಲವಾಗಿ ಡಾಗ್ ಬಿಡುತ್ತದೆ, ಮೇಲಿನ ಗೇರ್ ಬೀಳುತ್ತದೆ. ಬಲವಂತದ ಪ್ರಶ್ನೆಯೇ ಇಲ್ಲ. ಗೇರ್‌ಬಾಕ್ಸನ್ನು ನಿಜವಾಗಿ ಕೊಲ್ಲುವುದು ಅರೆಮನಸ್ಸಿನ ಕಾಲು. ಲಿವರನ್ನು ಪೂರ್ತಿ ಎತ್ತದೆ ಅರ್ಧದಲ್ಲೇ ಬಿಟ್ಟರೆ ಡಾಗ್‌ಗಳ ಅಂಚು ಸವೆದು ಉರುಟಾಗುತ್ತದೆ, ಗೇರ್ ಸರಿಸುವ ಫೋರ್ಕ್ ಬಾಗುತ್ತದೆ, ಆಮೇಲೆ ಗೇರ್ ತಾನಾಗಿ ಹಾರತೊಡಗುತ್ತದೆ. ಈ ಕಾಯಿಲೆ ಕ್ಲಚ್ ಹಿಡಿದು ಓಡಿಸುವವರ ಬೈಕಿನಲ್ಲೂ ಬರುತ್ತದೆ. ಗೇರ್‌ಬಾಕ್ಸ್ ಬಿಚ್ಚಿ ಕೂತ ಯಾವ ಮೇಸ್ತ್ರಿಯನ್ನು ಬೇಕಾದರೂ ಕೇಳಿ.

ಇಲ್ಲಿ ಎದುರಾಳಿಗಳ ಒಂದು ಮಾತು ನಿಜ. ಕೆಟ್ಟದಾಗಿ ಕೂರಿಸಿದ ಕ್ವಿಕ್‌ಶಿಫ್ಟರ್ ಗೇರ್‌ಬಾಕ್ಸಿಗೆ ಶತ್ರು. ಕಡಿತದ ಸಮಯ ಕಮ್ಮಿಯಾದರೆ ಡಾಗ್ ಪೂರ್ತಿ ಸೇರುವ ಮೊದಲೇ ಎಂಜಿನ್ ಮತ್ತೆ ಎಳೆಯುತ್ತದೆ, ಜಾಸ್ತಿಯಾದರೆ ಬೈಕ್ ಮುಗ್ಗರಿಸುತ್ತದೆ. ಹಾಗಾಗಿ ಬೇರೆ ಬೇರೆ ಆರ್‌ಪಿಎಂಗೆ ಬೇರೆ ಬೇರೆ ಸಮಯ ಹೊಂದಿಸಲು ಬರುವ ಸಾಮಾನನ್ನೇ ಕೊಳ್ಳಬೇಕು. ಚೈನ್ ಜೋತಾಡುತ್ತಿದ್ದರೆ ಮೊದಲು ಅದನ್ನು ಬಿಗಿ ಮಾಡಿಸಬೇಕು. ಗೇರ್ ಲಿವರ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಚಟವನ್ನಂತೂ ಅಂದೇ ಬಿಡಬೇಕು. ಬೂಟಿನ ಭಾರಕ್ಕೇ ಸೆನ್ಸರ್ ಎಚ್ಚರಗೊಂಡು ನಡುದಾರಿಯಲ್ಲಿ ಎಂಜಿನ್ ಬಿಕ್ಕಿದ ಹಾಗಾಗುತ್ತದೆ.

ರೇಸಿನವರ ಸಾಮಾನು ಟೂರಿಂಗಿಗೆ ಯಾಕೆ ಎಂಬುದು ಇನ್ನೊಂದು ಪ್ರಶ್ನೆ. ಡಿಸ್ಕ್ ಬ್ರೇಕಿನ ಬಗ್ಗೆ ಯಾರೂ ಈಗ ಹಾಗೆ ಕೇಳುವುದಿಲ್ಲ. ಬಿಎಂಡಬ್ಲ್ಯು ಕಂಪನಿ 2014ರಲ್ಲಿ ಆರ್ 1200 ಆರ್‌ಟಿ ಬೈಕಿಗೆ ಕ್ಲಚ್ ಇಲ್ಲದೆ ಗೇರ್ ಏರಿಸಿ ಇಳಿಸುವ ಸಲಕರಣೆ ಕೊಟ್ಟಿತು. ಅದು ಎರಡು ಪೆಟ್ಟಿಗೆ ಕಟ್ಟಿಕೊಂಡು ದೇಶ ಸುತ್ತುವವರ ಬೈಕು, ರೇಸಿನದಲ್ಲ. 2020ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಕೆಟಿಎಂ 390 ಅಡ್ವೆಂಚರ್ ಕ್ವಿಕ್‌ಶಿಫ್ಟರ್ ಸಮೇತವೇ ಬಂತು.

ಅಷ್ಟು ದೂರವೂ ಹೋಗಬೇಕಿಲ್ಲ. ಕ್ಲಚ್ ಹಿಡಿಯದೆ ಗೇರ್ ಹಾಕುವುದು ಪರದೇಶದ ಶೋಕಿ ಎನ್ನುವವರು ಮೈಸೂರನ್ನು ನೆನೆಸಿಕೊಳ್ಳಲಿ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದಿಂದ 1996ರವರೆಗೆ ಬೈಕ್ ಮಾಡಿತು. 1973ರಿಂದ ಅದರ ಬೈಕಿಗೆ ಯೆಜ್ಡಿ ಎಂದು ಹೆಸರಾಯಿತು. ಆ ಯೆಜ್ಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ ಆಗಿದ್ದವು. ಆ ಲಿವರನ್ನು ಕಾಲಿನಿಂದ ಒತ್ತಿದರೆ ಒಳಗಿನ ಕ್ಯಾಮ್ ಮೊದಲು ಕ್ಲಚ್ಚನ್ನು ಬಿಡಿಸುತ್ತಿತ್ತು, ಆಮೇಲೆ ಗೇರ್ ಬೀಳುತ್ತಿತ್ತು. ಹೊರಟ ಮೇಲೆ ಎಡಗೈ ಹ್ಯಾಂಡಲ್ ಹಿಡಿದುಕೊಂಡಿದ್ದರೆ ಸಾಕು. ಯಂತ್ರದ ರೀತಿಯೇ ಬೇರೆ, ಒಪ್ಪುತ್ತೇನೆ. ಅಲ್ಲಿ ಕ್ಲಚ್ ತಾನೇ ತೆರೆಯುತ್ತಿತ್ತು, ಇಲ್ಲಿ ಎಂಜಿನ್ ಒಂದು ಕ್ಷಣ ಉಸಿರು ಹಿಡಿಯುತ್ತದೆ. ಆದರೆ ಎಡಗೈಗೆ ಸಿಕ್ಕ ಬಿಡುವು ಒಂದೇ. ನಮ್ಮ ಕಡೆಯ ಹಿರಿಯರು ಅಡಕೆ, ತೆಂಗಿನಕಾಯಿ ಮೂಟೆ ಹೇರಿಕೊಂಡು ಆ ಬೈಕನ್ನು ವರ್ಷಗಟ್ಟಲೆ ಓಡಿಸಿದರು. ಅವರಿಗೆ ಬೈಕ್ ಓಡಿಸಲು ಬರುತ್ತಿರಲಿಲ್ಲ ಎನ್ನುತ್ತೀರಾ?

ಕ್ಲಚ್ ಮರೆತರೆ ರೈಡಿಂಗೇ ಮರೆತಂತೆ ಎನ್ನುವವರಿಗೂ ಇದೇ ಉತ್ತರ. ಕ್ಲಚ್ ಎಲ್ಲಿಗೂ ಹೋಗಿಲ್ಲ. ನಿಂತಲ್ಲಿಂದ ಹೊರಡಲು, ನ್ಯೂಟ್ರಲ್ ಹುಡುಕಲು, ಹಾಸನದ ಬಸ್ ಸ್ಟ್ಯಾಂಡ್ ಸುತ್ತಿನ ಟ್ರಾಫಿಕ್ಕಿನಲ್ಲಿ ತೆವಳಲು ನಾನೂ ಅದನ್ನೇ ಹಿಡಿಯುವುದು. ಕಮ್ಮಿ ಆರ್‌ಪಿಎಂನಲ್ಲಿ ಕ್ವಿಕ್‌ಶಿಫ್ಟರ್ ಜರ್ಕ್ ಹೊಡೆಯುತ್ತದೆ, ಅಲ್ಲಿ ಅದನ್ನು ಬಳಸಲೇಬಾರದು.

ಈಗ ಘಾಟಿಯ ಮಾತು. ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಹಿಂಚಕ್ರ ಜಾರೀತು ಎಂಬ ಭಯ ಸಹಜ. ಆದರೆ ಕೇಬಲ್ ಥ್ರಾಟಲ್ ಇರುವ ಬೈಕಿಗೆ ಹೊರಗಿನಿಂದ ಹಾಕಿಸುವ ಸಾಮಾನು ಸಾಮಾನ್ಯವಾಗಿ ಗೇರ್ ಏರಿಸಲು ಮಾತ್ರ. ಇಳಿಸುವಾಗ ಎಂದಿನಂತೆ ಕ್ಲಚ್ಚೇ ಗತಿ, ಅಲ್ಲಿ ಹೊಸ ಅಪಾಯ ಏನೂ ಹುಟ್ಟುವುದಿಲ್ಲ. ಕೇಬಲ್ ಬದಲು ಕಂಪ್ಯೂಟರೇ ಥ್ರಾಟಲ್ ತೆರೆಯುವ ರೈಡ್ ಬೈ ವೈರ್ ಬೈಕುಗಳಲ್ಲಿ ಇಳಿಸಲೂ ಬರುವ ಕ್ವಿಕ್‌ಶಿಫ್ಟರ್ ಇದ್ದರೆ, ಗೇರ್ ಇಳಿಸುವಾಗ ಕಂಪ್ಯೂಟರ್ ತಾನೇ ತುಸು ಥ್ರಾಟಲ್ ಕೊಟ್ಟು ಎಂಜಿನ್ನಿನ ಓಟವನ್ನು ಚಕ್ರದ ಓಟಕ್ಕೆ ಹೊಂದಿಸುತ್ತದೆ. ಮಳೆಯಲ್ಲಿ ನೆನೆದ ಕೈಯಿಂದ ಕ್ಲಚ್ಚನ್ನು ಪಟ್ಟನೆ ಬಿಟ್ಟಾಗ ಹಿಂಚಕ್ರ ಕುಪ್ಪಳಿಸುವುದಕ್ಕಿಂತ ಇದು ಮೇಲಲ್ಲವೇ?

ಏರುವಾಗಿನ ಲಾಭವನ್ನಂತೂ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಂಗಳೂರಿನಿಂದ ಬರುವ ಬುಲೆಟ್ ಟ್ಯಾಂಕರನ್ನು ಹಿಂದೆ ಹಾಕುವ ಗಳಿಗೆ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕ್ಲಚ್ ಹಿಡಿದು ಗೇರ್ ಹಾಕಿ ಬಿಡಲು ಅರ್ಧ ಸೆಕೆಂಡ್ ಹಿಡಿದರೆ, ಬೈಕ್ ಎಳೆತವಿಲ್ಲದೆ 8 ಮೀಟರ್ ಹೋಗಿರುತ್ತದೆ. ಅದೂ ಟ್ಯಾಂಕರಿನ ಪಕ್ಕದಲ್ಲಿ. 60 ಮಿಲಿಸೆಕೆಂಡಿನಲ್ಲಿ ಮುಗಿದರೆ ಒಂದೇ ಮೀಟರ್. ಎರಡೂ ಕೈ ಹ್ಯಾಂಡಲನ್ನು ಭದ್ರವಾಗಿ ಹಿಡಿದಿರುತ್ತವೆ, ಬೈಕ್ ಮುಂದಕ್ಕೆ ಬಾಗಿ ಹಿಂದಕ್ಕೆ ಕುಕ್ಕುವುದಿಲ್ಲ. ಹಿಂದೆ ಕೂತವರನ್ನೇ ಕೇಳಿ: ಪ್ರತಿ ಗೇರಿಗೂ ಅವರ ಹೆಲ್ಮೆಟ್ ನಮ್ಮ ಹೆಲ್ಮೆಟ್ಟಿಗೆ ಟಕ್ಕೆಂದು ಬಡಿಯುತ್ತಿತ್ತಲ್ಲ, ಅದು ನಿಂತಿದೆ. ಅರಕಲಗೂಡು, ಶನಿವಾರಸಂತೆ ಮೇಲೆ ಬಿಸಿಲೆ ಕಡೆಗೆ ಹೋಗುವ ಹಾದಿಯಲ್ಲಿ ನನ್ನ ಹೆಂಡತಿ ಮೊದಲು ಗಮನಿಸಿದ್ದು ಇದನ್ನೇ. ವೇಗ ಹೆಚ್ಚಾಗುತ್ತದೆ ಎಂದು ಹೆದರಿಸುವವರು ಒಂದು ತಿಳಿಯಬೇಕು. ವೇಗ ಬಲಗೈಯಲ್ಲಿದೆ. ನಾನು ಬಿಡುವು ಕೊಟ್ಟಿದ್ದು ಎಡಗೈಗೆ.

ಆ ಎಡಗೈಯ ಬಗ್ಗೆ ನನಗೆ ನಿಜವಾದ ಕಾಳಜಿಯಿದೆ. ಐವತ್ತು ದಾಟಿದವರು, ಮಣಿಕಟ್ಟಿನ ನೋವಿರುವವರು, ಚಿಕ್ಕ ಕೈಯ ಹೆಣ್ಣುಮಕ್ಕಳು ಕ್ಲಚ್ ಗಟ್ಟಿ ಎಂಬ ಒಂದೇ ಕಾರಣಕ್ಕೆ ದೂರದ ಸವಾರಿ ಬಿಡುವುದನ್ನು ಕಂಡಿದ್ದೇನೆ. ಅವರಿಗೆ ಇದು ಶೋಕಿಯಲ್ಲ. ಇದರಿಂದ ಇನ್ನಷ್ಟು ವರ್ಷ ಬೈಕ್ ಓಡಿಸಬಹುದು.

ಕಾನೂನಿನ ಹೆದರಿಕೆ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುವುದು ಆರ್‌ಸಿಯಲ್ಲಿ ನಮೂದಾದ ಮೂಲ ವಿವರಕ್ಕೆ ಹೊಂದದಂಥ ಬದಲಾವಣೆಯನ್ನು. ಗೇರ್ ಕಡ್ಡಿಯ ಸೆನ್ಸರ್ ಆರ್‌ಸಿಯಲ್ಲಿ ನಮೂದಾಗುವ ವಿವರವಲ್ಲ. ವಾರಂಟಿಗೆ ತೊಂದರೆಯಾದೀತು ಎಂಬ ಮಾತು ಮಾತ್ರ ಸರಿ. ಅದು ಮುಗಿಯುವವರೆಗೆ ಕಾಯಿರಿ, ಇಲ್ಲವೇ ಕಂಪನಿಯೇ ಕೊಡುವ ಭಾಗ ಇದ್ದರೆ ಅದನ್ನೇ ಹಾಕಿಸಿ. ದುಡ್ಡು ದಂಡ ಎನ್ನುವವರಲ್ಲಿ ಕೆಲವರು ಬರೀ ಸದ್ದಿಗಾಗಿ ಸೈಲೆನ್ಸರ್ ಬದಲಿಸಿದವರು.

ಕೊನೆಗೆ ಮಳೆ. ಮಲೆನಾಡಿನ ಜಡಿಮಳೆಯಲ್ಲಿ ಸೆನ್ಸರ್ ಕೆಟ್ಟರೆ ನಡುರಸ್ತೆಯಲ್ಲಿ ನಿಲ್ಲಬೇಕೇ ಎಂದು ಕೇಳುತ್ತಾರೆ. ಕ್ವಿಕ್‌ಶಿಫ್ಟರಿನ ನಿಯಂತ್ರಣ ಪೆಟ್ಟಿಗೆ ಸ್ಪಾರ್ಕ್ ಕೊಡುವ ಕಾಯಿಲ್‌ಗೆ ಹೋಗುವ ವೈರಿನ ನಡುವೆ ಕೂರುವ ಬಗೆಯದಾದರೆ ಸೀಟ್ ಎತ್ತಿ ಅಥವಾ ಟ್ಯಾಂಕ್ ಸರಿಸಿ ಅದರ ಕನೆಕ್ಟರ್ ಬಿಡಿಸಬೇಕು, ಬೈಕಿನ ಮೂಲ ಸಾಕೆಟ್ಟುಗಳನ್ನು ಮೊದಲಿನ ಹಾಗೆ ಸೇರಿಸಬೇಕು. ಅದಕ್ಕೇ ಕೂರಿಸುವ ದಿನ ವೈರ್ ಕತ್ತರಿಸಿ ಬೆಸುಗೆ ಹಾಕಲು ಬಿಡಬೇಡಿ, ಸಾಕೆಟ್ಟಿಗೆ ಸಾಕೆಟ್ ಕೂರುವುದನ್ನೇ ಕೇಳಿ ತನ್ನಿ. ಆ ಸಾಕೆಟ್ಟುಗಳನ್ನು ಸೇರಿಸಿದ ಮೇಲೆ ಕ್ಲಚ್ ಹಿಡಿದು ಮನೆಗೆ ಬರಬಹುದು.