ಬೈಕು ನಮ್ಮದು, ಬೀಗದ ಕೈ ಯಾರದು?

ಲಕ್ಷ, ಒಂದೂವರೆ ಲಕ್ಷ ಎಣಿಸಿ ಬೈಕ್ ತಗೋತೀವಿ. ಆರ್‌ಸಿಯಲ್ಲಿ ಹೆಸರು ನಮ್ಮದು, ಇಎಂಐ ನಮ್ಮದು, ಪೊಲೀಸರು ಹಿಡಿದರೆ ದಂಡವೂ ನಮ್ಮದೇ. ಆದರೆ ಸೀಟಿನ ಕೆಳಗೋ ಟ್ಯಾಂಕಿನ ಕೆಳಗೋ ಒಂದು ಪುಟ್ಟ ಕಪ್ಪು ಡಬ್ಬಿ ಕೂತಿರುತ್ತಲ್ಲ, ಇಸಿಯು ಅಂತಾರೆ, ಅದನ್ನು ಮುಟ್ಟೋ ಅಧಿಕಾರ ಮಾತ್ರ ನಮಗಿಲ್ಲ. ನಾವು ನಂಬೋ ಮೆಕ್ಯಾನಿಕ್‌ಗೂ ಇಲ್ಲ. ನನ್ನ ತಕರಾರು ಇಷ್ಟೇ: ಈ ಬೀಗ ಕಳ್ಳನನ್ನು ತಡೀತಿಲ್ಲ, ಮನೆ ಯಜಮಾನನನ್ನು ಹೊರಗೆ ನಿಲ್ಲಿಸಿದೆ.

ಆ ಡಬ್ಬಿ ಮಾಡೋದೇನು? ಇಂಜಿನ್ ಎಷ್ಟು ವೇಗವಾಗಿ ತಿರುಗ್ತಿದೆ, ಎಕ್ಸಲೇಟರ್ ಎಷ್ಟು ಕೊಟ್ಟಿದ್ದೀರಿ, ಒಳಗೆ ಬರೋ ಗಾಳಿ ಎಷ್ಟು ಬಿಸಿಯಾಗಿದೆ ಅಂತ ಸೆನ್ಸರ್‌ಗಳಿಂದ ತಿಳಕೊಳ್ಳುತ್ತೆ. ಆಮೇಲೆ ತನ್ನೊಳಗಿರೋ ಒಂದು ಕೋಷ್ಟಕ ನೋಡಿ, ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು, ಸ್ಪಾರ್ಕ್ ಯಾವಾಗ ಕೊಡಬೇಕು ಅಂತ ತೀರ್ಮಾನ ಮಾಡುತ್ತೆ. ಆ ಕೋಷ್ಟಕಕ್ಕೇ ಮ್ಯಾಪ್ ಅನ್ನೋದು. ಹಿಂದೆ ಪೆಟ್ರೋಲ್ ಅಳತೆಯ ಕೆಲಸ ಕಾರ್ಬ್ಯುರೇಟರ್‌ನದು. ಮೈಸೂರಿನಲ್ಲಿ ತಯಾರಾಗ್ತಿದ್ದ ಯೆಜ್ಡಿ ಓಡಿಸಿದವರಿಗೆ ಗೊತ್ತು, ಒಂದು ಸ್ಕ್ರೂಡ್ರೈವರ್, ಒಂದು ಪಳಗಿದ ಕಿವಿ ಇದ್ದರೆ ರಸ್ತೆ ಬದಿಯಲ್ಲೇ ಟ್ಯೂನಿಂಗ್ ಮುಗೀತಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು, ಬಡವರ ನೂರು ಸಿಸಿ ಬೈಕಿಗೂ ಇಸಿಯು ಬಂತು. ಹೊಗೆ ಕಡಿಮೆಯಾಯ್ತು, ಸಂತೋಷ. ಕಾರ್ಬ್ಯುರೇಟರ್ ವಾಪಸ್ ಕೊಡಿ ಅಂತ ನಾನೇನೂ ಅಳ್ತಿಲ್ಲ. ಸ್ಕ್ರೂಡ್ರೈವರ್ ಕಿತ್ತುಕೊಂಡ ಮೇಲೆ ಅದರ ಬದಲಿಗೆ ಇನ್ನೊಂದು ಸಾಧನ ಕೈಗೆ ಕೊಡಬೇಕಿತ್ತಲ್ಲ, ಅದನ್ನು ಕೇಳ್ತಿದ್ದೀನಿ.

ಈಗ ಸಣ್ಣ ಊರಿನ ಗ್ಯಾರೇಜಿನ ಕಥೆ ನೋಡಿ. ಮೀಟರಿನಲ್ಲಿ ಇಂಜಿನ್ ಲೈಟ್ ಹತ್ತಿದರೆ, ಅಡಾಪ್ಟರ್ ಸಿಕ್ಕಿಸಿ ಅಗ್ಗದ ಸ್ಕ್ಯಾನರ್‌ನಲ್ಲಿ ಸಾಮಾನ್ಯ ಕೋಡುಗಳನ್ನೇನೋ ಓದಬಹುದು. ಅದರಾಚೆ ಹೋಗಬೇಕು, ಇಸಿಯು ಬದಲಿಸಿ ಹೊಸದನ್ನು ಗಾಡಿಗೆ ಹೊಂದಿಸಬೇಕು, ಮ್ಯಾಪ್ ಹೊಸದು ಹಾಕಬೇಕು ಅಂದ್ರೆ ಬಹುಪಾಲು ಕಂಪನಿಯ ಸಾಫ್ಟ್‌ವೇರೇ ಬೇಕು, ಕಂಪನಿಯ ಪಾಸ್‌ವರ್ಡೇ ಬೇಕು. ಮೂವತ್ತು ವರ್ಷ ಇಂಜಿನ್ ಬಿಚ್ಚಿ ಜೋಡಿಸಿದ ಮನುಷ್ಯ ‘ಶೋರೂಮಿಗೇ ತಗೊಂಡು ಹೋಗಿ ಸಾರ್’ ಅಂತ ಕೈ ಒರೆಸಿಕೊಳ್ತಾನೆ. ಅವನಿಗೆ ವಿದ್ಯೆ ಇಲ್ಲ ಅಂತಲ್ಲ, ಪ್ರವೇಶ ಇಲ್ಲ.

‘ಇದರಿಂದ ನನಗೇನು, ನಾನೇನು ರೇಸ್ ಓಡಿಸ್ತೀನಾ?’ ಅಂತೀರಾ? ನೀವು ಹಾಕಿಸೋ ಪೆಟ್ರೋಲನ್ನೇ ತಗೊಳ್ಳಿ. ಈಗ ಬಂಕ್‌ಗಳಲ್ಲಿ ಸಿಗೋದು ಶೇ 20ರಷ್ಟು ಎಥನಾಲ್ ಬೆರೆತದ್ದು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಗ್ರಾಂ ಗಾಳಿ ಬೇಕು, ಎಥನಾಲ್‌ಗೆ ಸುಮಾರು 9 ಗ್ರಾಂ ಸಾಕು. ಅಂದ್ರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಚಿಮ್ಮಿಸಬೇಕು, ಲೆಕ್ಕವೇ ಬೇರೆ. ಸೈಲೆನ್ಸರ್‌ನಲ್ಲಿರೋ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಒಂದು ಮಿತಿಯೊಳಗೆ ತಾನೇ ಸರಿಪಡಿಸಿಕೊಳ್ಳುತ್ತೆ, ನಿಜ. ಆದರೆ ಪೂರ್ತಿ ಎಕ್ಸಲೇಟರ್ ಕೊಟ್ಟಾಗ ಅದು ಹೆಚ್ಚಾಗಿ ಮ್ಯಾಪನ್ನೇ ನಂಬಿಕೊಂಡಿರುತ್ತೆ. ಹಳೇ ಇಂಧನದ ಲೆಕ್ಕದಲ್ಲಿ ಬರೆದ ಮ್ಯಾಪ್ ಅದು! ಇಂಧನ ಬದಲಾಯಿಸಿದ್ದು ಸರ್ಕಾರ, ಮ್ಯಾಪ್ ಬರೆದದ್ದು ಕಂಪನಿ, ಮೈಲೇಜ್ ಕಳಕೊಳ್ಳೋನು ನಾನು. ಹೊಸ ಇಂಧನಕ್ಕೆ ಹೊಂದೋ ಮ್ಯಾಪ್ ಕೊಡಿ, ಇಲ್ಲಾ ಹಾಕಿಸಿಕೊಳ್ಳೋಕೆ ಬಿಡಿ. ಎರಡೂ ಆಗಲ್ಲ ಅಂದ್ರೆ ಹೇಗೆ ಸ್ವಾಮಿ?

ಬೀಗ ಯಾಕೆ ಅಂತ ಕೇಳಿದರೆ ‘ಪರಿಸರ’ ಅಂತಾರೆ. ಪರಿಸರ ಕೆಡಿಸಿದ ಸಾಫ್ಟ್‌ವೇರ್ ಯಾರದ್ದು ಅಂತ ಸ್ವಲ್ಪ ನೆನಪು ಮಾಡಿಕೊಳ್ಳೋಣ. 2015ರಲ್ಲಿ ಸಿಕ್ಕಿಬಿದ್ದ ಫೋಕ್ಸ್‌ವ್ಯಾಗನ್, ಪರೀಕ್ಷೆ ನಡೆಯುವಾಗ ಮಾತ್ರ ಸಾಚಾ ಆಗೋ ಸಾಫ್ಟ್‌ವೇರನ್ನು ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಹಾಕಿತ್ತು. 2016ರಲ್ಲಿ ಅಮೆರಿಕದ ಪರಿಸರ ಸಂಸ್ಥೆಯ ಆರೋಪಕ್ಕೆ ಹಾರ್ಲೆ-ಡೇವಿಡ್ಸನ್ 1.2 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು, ತಪ್ಪು ಒಪ್ಪಿಕೊಳ್ಳದೆಯೇ. ಆರೋಪ ಏನು ಗೊತ್ತಾ? ಹೊಗೆಯ ಮಿತಿ ಮೀರೋ ಹಾಗೆ ಇಸಿಯು ತಿದ್ದೋ ಟ್ಯೂನರ್‌ಗಳನ್ನು ಕಂಪನಿಯೇ ಸುಮಾರು 3.4 ಲಕ್ಷದಷ್ಟು ಮಾರಿತ್ತು ಅಂತ. ಈ ಎರಡು ಕಡೆಯೂ ಕಟಕಟೆಯಲ್ಲಿ ನಿಂತದ್ದು ಬೀಗದ ಕೈ ಇಟ್ಟುಕೊಂಡವರೇ. ಜೆ.ಸಿ. ರಸ್ತೆಯ ಮೆಕ್ಯಾನಿಕ್ ಅಲ್ಲ.

ಇನ್ನು ನಮ್ಮ ಹುಡುಗರ ವಿಷಯ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತೆಸೆದು, ಡಬ್ ಡಬ್ ಅನ್ನೋ ಸೈಲೆನ್ಸರ್ ಹಾಕಿ, ರಾತ್ರಿ ಹನ್ನೊಂದಕ್ಕೆ ಓಣಿ ಎಬ್ಬಿಸೋದಕ್ಕೆ ‘ರೀಮ್ಯಾಪ್’ ಅಂತ ಹೆಸರಿಡೋರ ಪರವಾಗಿ ನಾನು ಬರೀತಿಲ್ಲ. ಅವರಿಗೆ ದಂಡ ಹಾಕಲಿ. ಆದರೆ ಗಮನಿಸಿ, ಇಸಿಯುಗೆ ಬೀಗ ಹಾಕಿದ್ದರಿಂದ ಅವರೇನು ನಿಂತರಾ? ಇಸಿಯು ಮುಟ್ಟದೇ, ಅದಕ್ಕೂ ಇಂಜೆಕ್ಟರ್‌ಗೂ ನಡುವೆ ಸಿಗ್ನಲ್ ತಿರುಚೋ ಪಿಗ್ಗಿಬ್ಯಾಕ್ ಡಬ್ಬಿಗಳು ಆನ್‌ಲೈನಲ್ಲಿ ಆರಾಮಾಗಿ ಸಿಗ್ತವೆ. ಕಳ್ಳನಿಗೆ ಹಿತ್ತಿಲ ಬಾಗಿಲು ಯಾವಾಗಲೂ ತೆರೆದೇ ಇರುತ್ತೆ. ಮುಂಬಾಗಿಲಲ್ಲಿ ನಿಂತು ಕದ ತಟ್ಟೋನು ಕಾನೂನಿಗೆ ಹೆದರೋ ಮನುಷ್ಯ ಮಾತ್ರ.

ಹೆದರಲೇಬೇಕು ಬಿಡಿ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಹಾಗಾದರೆ ಮಾಡಬೇಕಾದ್ದೇನು? ಓದೋದು, ರಿಪೇರಿ ಮಾಡೋದು, ತಿದ್ದೋದು ಮೂರೂ ಬೇರೆ ಬೇರೆ ಅಂತ ಮೊದಲು ಒಪ್ಪಿಕೊಳ್ಳಲಿ. ಮೊದಲೆರಡು ಎಲ್ಲಾ ಗ್ಯಾರೇಜಿಗೂ ಸಿಗಲಿ, ನ್ಯಾಯವಾದ ಬೆಲೆಗೆ. ಇದೇನು ಹೊಸ ಮಾತಲ್ಲ. 2014ರಲ್ಲೇ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿಗೂ ಹೆಚ್ಚು ದಂಡ ಹಾಕಿ, ಬಿಡಿಭಾಗ ಮತ್ತು ತಪಾಸಣಾ ಸಾಧನಗಳನ್ನು ಹೊರಗಿನ ಗ್ಯಾರೇಜುಗಳಿಗೂ ಕೊಡಿ ಅಂದಿತ್ತು. ಕಾರಿಗೆ ಸಲ್ಲೋ ನ್ಯಾಯ ಬೈಕಿಗೆ ಸಲ್ಲಬಾರದಾ? ಮೂರನೆಯದು, ಮ್ಯಾಪ್ ತಿದ್ದೋದು, ಪರೀಕ್ಷೆ ಮಾಡಿಯೇ ಆಗಲಿ. ಹಳೇ ಕಾರಿಗೆ ಸಿಎನ್‌ಜಿ ಕಿಟ್ ಕೂರಿಸೋಕೆ ಮಾನ್ಯತೆ ಪಡೆದ ಕಿಟ್, ಆರ್‌ಸಿಯಲ್ಲಿ ನಮೂದು ಅಂತ ಒಂದು ದಾರಿ ಇದೆಯಲ್ಲ. ಹಾಗೇ ಹೊಗೆ ಪರೀಕ್ಷೆ ಪಾಸಾದ ಮ್ಯಾಪ್‌ಗೂ ಒಂದು ದಾರಿ ಮಾಡಲಿ.

ಅಲ್ಲಿಯವರೆಗೆ ನೀವು ಮಾಡಬಹುದಾದ್ದು ಒಂದಿದೆ. ಮುಂದಿನ ಸಲ ಬೈಕ್ ನೋಡೋಕೆ ಶೋರೂಮಿಗೆ ಹೋದಾಗ, ಮೈಲೇಜ್ ಎಷ್ಟು ಅಂತ ಕೇಳಿದ ಮೇಲೆ ಇದನ್ನೂ ಕೇಳಿ: ‘ವಾರಂಟಿ ಮುಗಿದ ಮೇಲೆ ಈ ಇಸಿಯುನ ನಮ್ಮೂರ ಮೆಕ್ಯಾನಿಕ್ ರಿಪೇರಿ ಮಾಡಬಹುದಾ?’ ಸೇಲ್ಸ್ ಹುಡುಗನಿಗೆ ಉತ್ತರ ಗೊತ್ತಿರಲಿಕ್ಕಿಲ್ಲ, ಪಾಪ. ದಿನಕ್ಕೆ ಹತ್ತು ಜನ ಕೇಳಿದರೆ ಅವನು ಮೇಲಿನವರನ್ನು ಕೇಳಲೇಬೇಕಾಗುತ್ತೆ.