ರೋವರ್ಸ್ ಕಪ್ಪೂ ನಮ್ಮ ಮರೆವೂ

1911ರಲ್ಲಿ ಮೋಹನ್ ಬಾಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ದಳವನ್ನು ಸೋಲಿಸಿ ಐ.ಎಫ್.ಎ. ಶೀಲ್ಡನ್ನು ಗೆದ್ದುದು ಬಂಗಾಳದ ಮಕ್ಕಳಿಗೂ ಗೊತ್ತು. 1937ರಲ್ಲಿ ‘ಬೆಂಗಳೂರು ಮುಸ್ಲಿಮ್ಸ್’ ತಂಡವು ಮುಂಬಯಿಯಲ್ಲಿ ರೋವರ್ಸ್ ಕಪ್ಪನ್ನು ಗೆದ್ದುದು ನಮ್ಮ ಅಧ್ಯಾಪಕರಲ್ಲಿ ಎಷ್ಟು ಮಂದಿಗೆ ಗೊತ್ತು? 1891ರಲ್ಲಿ ಮೊದಲಾದ ಆ ಪಂದ್ಯಾವಳಿಯ ಕಪ್ಪು ಬಹುಕಾಲ ಬ್ರಿಟಿಷ್ ಸೇನಾದಳಗಳ ಸ್ವತ್ತಿನಂತಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡವಿದು, 1938ರಲ್ಲಿಯೂ ಬಿಟ್ಟುಕೊಡಲಿಲ್ಲ.

ಈ ಮರೆವಿಗೆ ಆಟದ ಮೇಲಣ ಅನಾದರವೊಂದೇ ಕಾರಣವೆಂದರೆ ನಾನು ಒಪ್ಪಲಾರೆ. ಬೆಂಗಳೂರಿನ ಕಾಲ್ಚೆಂಡಾಟ ಬೆಳೆದುದು ದಂಡುಪ್ರದೇಶದಲ್ಲಿ, ಉರ್ದು ತಮಿಳುಗಳ ಬೀದಿಗಳಲ್ಲಿ. ಕನ್ನಡದಲ್ಲಿ ಜಯಕಾರ ಕೇಳಿಸದ ಗೆಲವು ಕನ್ನಡನಾಡಿನದಲ್ಲವೆಂದು ನಾವು ಬಗೆದಂತಿದೆ. ಹಾಗಾದರೆ ಉರ್ವದವರಾದ ನಮ್ಮ ಗತಿಯೇನು? ಇಲ್ಲಿ ಮನೆಯಲ್ಲಿ ತುಳು, ನೆರೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಬ್ಯಾರಿ. ಕನ್ನಡ ಬರುವುದು ಬರೆಯಲು ಕುಳಿತಾಗ. (ಮೈದಾನದಲ್ಲಿ ಚೆಂಡೊದೆಯುವ ಹುಡುಗರಂತೂ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಬೆರೆಸುತ್ತಾರೆ.) ನಾಡು ನುಡಿಗಿಂತ ಕಿರಿದಲ್ಲ.

1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತಕ್ಕೆ ದೊರೆತ ಒಂದೇ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರೇ. ಇವರಾರೂ ನಾನು ಓದಿದ ಕನ್ನಡ ಕಾದಂಬರಿಗಳೊಳಗೆ ಕಾಲಿಟ್ಟಿಲ್ಲ. ವರ್ಷವರ್ಷವೂ ನವೋದಯದ ಅದೇ ನಾಲ್ವರು ಕವಿಗಳ ಮೇಲೆ ಪ್ರಬಂಧ ಬರೆಸುವ ನಾವು, ಒಬ್ಬ ವಿದ್ಯಾರ್ಥಿಯನ್ನಾದರೂ 1937ರ ಹಳೆಯ ಪತ್ರಿಕೆಗಳ ಧೂಳು ಕೊಡವಲು ಕಳುಹಿಸಬಾರದೇಕೆ?